ಅನ್ನಪೂರ್ಣೆಯ ಹಳ್ಳಿಗಳಿಗೆ ರಸ್ತೆ ಬೇಡವೆನ್ನಲು ನಾವು ಯಾರು?

ಚಾರಣಿಗರು ನಾಲ್ಕು ಜನ ಸೇರಿದ ಕಡೆ ನೇಪಾಳದ ಅನ್ನಪೂರ್ಣ ಸರ್ಕ್ಯೂಟಿನ ಮಾತು ಬಂದರೆ ಒಂದು ಗೋಳು ತಪ್ಪದೆ ಕೇಳಿಸುತ್ತದೆ: ರಸ್ತೆ ಬಂದು ಎಲ್ಲ ಹಾಳಾಯಿತು, ಇನ್ನು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಈ ಮಾತನ್ನು ಯುರೋಪಿನವರು ಹೇಳಿದರು, ಅಮೆರಿಕದವರು ಹೇಳಿದರು, ಈಗ ನಮ್ಮ ಬೆಂಗಳೂರಿನವರೂ ಹೇಳುತ್ತಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ರಜೆ ಹಾಕಿ ಬರುವವರ ಕಣ್ಣಿನ ಸುಖಕ್ಕಾಗಿ ಅಲ್ಲೇ ಹುಟ್ಟಿ ಬೆಳೆದವರು ಬೆನ್ನ ಮೇಲೆ ಅಕ್ಕಿ ಹೊರುತ್ತಲೇ ಇರಬೇಕು ಎನ್ನುವ ಬೇಡಿಕೆ ಅದರೊಳಗೆ ಕೂತಿದೆ.

ಮನಾಂಗ್ ಕಣಿವೆ ವಿದೇಶಿ ಚಾರಣಿಗರಿಗೆ ತೆರೆದದ್ದು 1977ರಲ್ಲಿ. ಮರ್ಸ್ಯಾಂಗ್ದಿ ನದಿಯ ಪಕ್ಕದಲ್ಲಿ ಬೇಸಿಸಹರ್‌ನಿಂದ ಏರುತ್ತಾ ಹೋಗಿ, 5,416 ಮೀಟರ್ ಎತ್ತರದ ಥೊರೊಂಗ್ ಲಾ ಎಂಬ ಕಣಿವೆದಾರಿ ದಾಟಿ, ಆ ಕಡೆ ಮುಕ್ತಿನಾಥಕ್ಕೆ ಇಳಿದು, ಕಾಳಿ ಗಂಡಕಿ ನದಿಯ ಜೊತೆ ತೆಂಕಣಕ್ಕೆ ಹೊರಳಿದರೆ 200 ಕಿಲೋಮೀಟರಿಗೂ ಮಿಕ್ಕಿದ ದಾರಿ. ಮೊದಲೆಲ್ಲ ಮೂರು ವಾರ ಹಿಡಿಯುತ್ತಿತ್ತು. ಡೇರೆ ಹೊರಬೇಕಿಲ್ಲ, ಒಲೆ ಹೊರಬೇಕಿಲ್ಲ. ಸಂಜೆಗೊಂದು ಹಳ್ಳಿ, ಹಳ್ಳಿಗೊಂದಿಷ್ಟು ಟೀ ಹೌಸ್, ಬಿಸಿ ದಾಲ್ ಭಾತ್. ಕೆಳಗೆ ಗುರುಂಗರ ಭತ್ತದ ಗದ್ದೆ, ಮೇಲೆ ಹೋದಂತೆ ಬೌದ್ಧರು ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ, ಥೊರೊಂಗ್ ಲಾ ದಾಟಿದರೆ ಥಕಾಲಿಗಳ ಕಲ್ಲುಮನೆ. ಭಾಷೆ, ಬೆಳೆ, ದೇವರು ಎಲ್ಲವೂ ಎರಡು ದಿನಕ್ಕೊಮ್ಮೆ ಬದಲಾಗುವ ಇಂಥ ನಡಿಗೆ ಲೋಕದಲ್ಲಿ ಹೆಚ್ಚಿಲ್ಲ. 2008ರ ಸುಮಾರಿಗೆ ಪಶ್ಚಿಮದ ಕಡೆ ಜೋಮ್‌ಸೋಮ್‌ಗೆ ವಾಹನ ಓಡತೊಡಗಿತು. ಮುಂದಿನ ದಶಕದಲ್ಲಿ ಪೂರ್ವದ ಕಡೆ ಮನಾಂಗ್‌ಗೂ ಜೀಪು ಹತ್ತಿತು. ಗೋಳು ಶುರುವಾದದ್ದು ಆಗ.

ರಸ್ತೆಗೆ ಮುಂಚೆ ಆ ಟೀ ಹೌಸಿನ ಅಕ್ಕಿ, ಸೀಮೆಎಣ್ಣೆ, ಮಾಡಿನ ತಗಡು, ಚಾರಣಿಗರು ಕುಡಿಯುವ ಬಿಯರ್ ಬಾಟಲಿ ಬರುತ್ತಿದ್ದದ್ದು ಹೇಸರಗತ್ತೆಯ ಮೇಲೆ, ಇಲ್ಲವೇ ಮನುಷ್ಯರ ಮೇಲೆ. ಡೋಕೊ ಎಂಬ ಬಿದಿರ ಬುಟ್ಟಿ, ಅದರ ಭಾರವನ್ನು ಹಣೆಗೆ ಕೊಡುವ ನಾಮ್ಲೋ ಪಟ್ಟಿ. ಕಾಯಿಲೆಯವರೂ ಅದೇ ಡೋಕೊದಲ್ಲಿ ಕೂತು ಇಳಿಯಬೇಕಿತ್ತು. 1996ರಲ್ಲಿ ನೇಪಾಳದಲ್ಲಿ ಲಕ್ಷ ಹೆರಿಗೆಗೆ 539 ತಾಯಂದಿರು ಸಾಯುತ್ತಿದ್ದರು. 2021ರ ಜನಗಣತಿಯಲ್ಲಿ ಅದು 151ಕ್ಕೆ ಇಳಿದಿತ್ತು. ಇದೆಲ್ಲ ರಸ್ತೆಯಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ಹಳ್ಳಿಹಳ್ಳಿಯ ಆರೋಗ್ಯ ಸ್ವಯಂಸೇವಕಿಯರ ದುಡಿಮೆ ಇದರಲ್ಲಿ ದೊಡ್ಡದು. ಆದರೆ ಹೆರಿಗೆ ಕಷ್ಟವಾದ ಹೊತ್ತಿನಲ್ಲಿ ಆಸ್ಪತ್ರೆ ಎರಡು ದಿನದ ನಡಿಗೆಯಷ್ಟು ದೂರವಿದ್ದರೆ ಸ್ವಯಂಸೇವಕಿ ತಾನೇ ಏನು ಮಾಡಿಯಾಳು?

ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಿಂದ ರೋಗಿಯನ್ನು ಡೋಲಿಯಲ್ಲಿ ಹೊತ್ತು ತರುವ ಚಿತ್ರ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಕಂಡು ಸರ್ಕಾರವನ್ನು ಬೈಯುವ ನಾವೇ ಹಿಮಾಲಯಕ್ಕೆ ಹೋದಾಗ ರಸ್ತೆಯಿಲ್ಲದ ಊರನ್ನು ಹುಡುಕಿಕೊಂಡು ಹೋಗಿ, ಸಿಕ್ಕರೆ ಸಂಭ್ರಮಿಸುತ್ತೇವೆ.

ವಿಮಾನ ಇತ್ತಲ್ಲ ಎನ್ನುವವರಿದ್ದಾರೆ. ಪೋಖರಾದಿಂದ ಜೋಮ್‌ಸೋಮ್‌ಗೆ ಎರಡು ದೈತ್ಯ ಪರ್ವತಗಳ ನಡುವಿನ ಕಣಿವೆಯಲ್ಲಿ ಸಣ್ಣ ವಿಮಾನಗಳು ಹಾರುತ್ತವೆ. ಮಧ್ಯಾಹ್ನವಾದರೆ ಅಲ್ಲಿ ಬೀಸುವ ಗಾಳಿಗೆ ಹಾರಾಟ ನಿಲ್ಲುತ್ತದೆ. 2012ರ ಮೇನಲ್ಲಿ ಜೋಮ್‌ಸೋಮ್‌ನಲ್ಲಿ ಇಳಿಯಲು ಹೋದ ವಿಮಾನ ಬಿದ್ದು 15 ಮಂದಿ ಸತ್ತರು. 2016ರಲ್ಲಿ ಅದೇ ಹಾದಿಯಲ್ಲಿ 23, 2022ರಲ್ಲಿ 22 ಮಂದಿ. 2012ರ ವಿಮಾನದಲ್ಲಿ ಮುಕ್ತಿನಾಥಕ್ಕೆ ಹೊರಟ ಭಾರತದ ಯಾತ್ರಿಗಳಿದ್ದರು.

ಮುಕ್ತಿನಾಥದ ಮಾತು ಕನ್ನಡಿಗರಿಗೆ ದೂರದ್ದಲ್ಲ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಈ ಕಾಳಿ ಗಂಡಕಿಯದು. ಶ್ರೀವೈಷ್ಣವರಿಗೆ ಅದು ದಿವ್ಯದೇಶ, ಮಾಧ್ವರಿಗೂ ಪುಣ್ಯಕ್ಷೇತ್ರ. ರಸ್ತೆ ಬಂದ ಮೇಲೆ ಮೈಸೂರು, ಉಡುಪಿ ಕಡೆಯ ಎಪ್ಪತ್ತು ದಾಟಿದವರೂ ಸುಮಾರು 3,700 ಮೀಟರ್ ಎತ್ತರದ ಆ ಗುಡಿಯ 108 ಧಾರೆಗಳ ಕೆಳಗೆ ತಲೆಯೊಡ್ಡಿ ಬರುತ್ತಿದ್ದಾರೆ. ಅಜ್ಜಿಯ ಯಾತ್ರೆಗೆ ಬೇಕಾದ ರಸ್ತೆಯೇ ಮೊಮ್ಮಗನ ಚಾರಣವನ್ನು ಕೆಡಿಸಿತೆಂದರೆ, ನಾನು ಅಜ್ಜಿಯ ಪಕ್ಷ.

ಇನ್ನು ‘ಹೊರಜಗತ್ತು ಸೋಂಕದ ಕಣಿವೆ’ ಎಂಬ ಕಲ್ಪನೆ. ಅದು ಯಾವತ್ತೂ ಇರಲಿಲ್ಲ. ಕಾಳಿ ಗಂಡಕಿಯ ಆ ಕಾಲುದಾರಿ ಟಿಬೆಟ್ಟಿನ ಉಪ್ಪು ಕೆಳಗಿಳಿಯಲು, ತೆಂಕಣದ ಧಾನ್ಯ ಮೇಲೇರಲು ಶತಮಾನಗಳ ಕಾಲ ಸವೆದ ವ್ಯಾಪಾರದ ಹೆದ್ದಾರಿ. ಟುಕುಚೆಯ ಥಕಾಲಿಗಳು ಉಪ್ಪಿನ ಸುಂಕದ ಗುತ್ತಿಗೆ ಹಿಡಿದು ಬೆಳೆದರು. ದಾರಿಹೋಕರಿಗೆ ಅವರು ಇಟ್ಟ ಭಟ್ಟಿ ಎಂಬ ತಂಗುಮನೆಗಳೇ ಮುಂದೆ ಚಾರಣಿಗರ ಲಾಡ್ಜುಗಳಾದವು. ಮನಾಂಗ್‌ನವರು ರಾಜರಿಂದ ಸುಂಕದ ವಿನಾಯಿತಿ ಪಡೆದು ರಂಗೂನು, ಸಿಂಗಪುರ, ಹಾಂಗ್‌ಕಾಂಗ್‌ವರೆಗೆ ವ್ಯಾಪಾರ ಮಾಡಿ ಬಂದವರು. ಇಷ್ಟು ತಿರುಗಿದ ಜನಕ್ಕೆ ‘ನೀವು ಹೀಗೇ ಮುಗ್ಧರಾಗಿರಿ’ ಎಂದು ಹೇಳಲು ನಾವು ಹೋಗುತ್ತೇವೆ. ಅವರಿಗೆ ರಸ್ತೆ ಏಕೆ ಬೇಕೆಂದು ತಿಳಿಯಲು ಮಾರ್ಫಾ ಹಳ್ಳಿಯ ಸೇಬನ್ನೇ ನೋಡಿ. 1960ರ ದಶಕದಲ್ಲಿ ಅಲ್ಲಿ ತೋಟಗಾರಿಕಾ ಕೇಂದ್ರ ಬಂತು, ಸೇಬು ಚೆನ್ನಾಗಿ ಬೆಳೆಯಿತು, ಸಾಗಿಸಲು ದಾರಿಯಿರಲಿಲ್ಲ. ಒಣಗಿಸಬೇಕು, ಇಲ್ಲವೇ ಬ್ರಾಂದಿ ಮಾಡಬೇಕು. ಈಗ ಹಣ್ಣು ಹಣ್ಣಾಗಿಯೇ ಪೋಖರಾದ ಮಾರುಕಟ್ಟೆ ಮುಟ್ಟುತ್ತದೆ.

ರಸ್ತೆಯಿಂದ ನಷ್ಟವಾದವರಿಲ್ಲವೇ? ಇದ್ದಾರೆ, ಮತ್ತು ಅವರು ಚಾರಣಿಗರಿಗಿಂತ ಹೆಚ್ಚು ಕಳೆದುಕೊಂಡರು. ಜಗತ್, ತಾಲ್, ಧಾರಾಪಾನಿಯಂಥ ಊರುಗಳು ನಡೆಯುವವರ ಒಂದೊಂದು ರಾತ್ರಿಯನ್ನು ನೆಚ್ಚಿ ಲಾಡ್ಜು ಕಟ್ಟಿದ್ದವು. ಈ ದಾರಿಯಲ್ಲಿ ಕೋಣೆಯ ಬಾಡಿಗೆ ಹೆಸರಿಗೆ ಮಾತ್ರ, ಬದುಕು ನಡೆಯುವುದು ರಾತ್ರಿಯ ಊಟ ಮತ್ತು ಬೆಳಗಿನ ತಿಂಡಿಯಿಂದ. ಜೀಪು ಆ ಊರುಗಳಲ್ಲಿ ನಿಲ್ಲದೆ ಧೂಳೆಬ್ಬಿಸಿ ಹೋಗುತ್ತದೆ. ಆ ಜೀಪಿನಲ್ಲಿ ಕೂತವರು ಯಾರು? ಬಹಳ ಮಟ್ಟಿಗೆ ನಾವೇ. ರಜೆ ಒಂಬತ್ತು ದಿನ, ಥೊರೊಂಗ್ ಲಾದ ಫೋಟೊ ಬೇಕೇ ಬೇಕು, ಹಾಗಾಗಿ ಚಾಮೆಯವರೆಗೆ, ಸಾಧ್ಯವಾದರೆ ಮನಾಂಗ್‌ವರೆಗೆ ಜೀಪು. ಹಳ್ಳಿಗಳನ್ನು ಹಾರಿಸಿ ಹೋದವರೇ ವಾಪಸು ಬಂದು ‘ಹಳ್ಳಿಯ ಸೊಗಡು ಉಳಿದಿಲ್ಲ’ ಎಂದು ಬರೆಯುತ್ತಾರೆ. ಅವಸರದ ಈ ಏರಿಕೆ ಜೀವಕ್ಕೂ ಅಪಾಯ. ಮನಾಂಗ್ ಇರುವುದು 3,500 ಮೀಟರಿನಾಚೆ. ಅಲ್ಲಿನ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ವೈದ್ಯರು ಚಾರಣದ ಕಾಲದಲ್ಲಿ ದಿನವೂ ಎತ್ತರದ ಕಾಯಿಲೆಯ ಬಗ್ಗೆ ಪಾಠ ಮಾಡುವುದು ಸುಮ್ಮನೆ ಅಲ್ಲ. ನಡೆದು ಏರಿದ ಮೈ ಒಗ್ಗಿಕೊಳ್ಳುತ್ತದೆ, ಜೀಪಿನಲ್ಲಿ ಏರಿದ ಮೈಗೆ ಆ ಸಮಯ ಸಿಗುವುದಿಲ್ಲ.

ಸಿಟ್ಟು ಬರಬೇಕಾದದ್ದು ರಸ್ತೆ ಕಡಿದ ರೀತಿಯ ಮೇಲೆ. ನೇಪಾಳದ ಜನರೇ ಅದನ್ನು ‘ಡೋಜರೇ ವಿಕಾಸ್’ ಎಂದು ಕರೆದು ಬೈಯುತ್ತಾರೆ. ಬುಲ್ಡೋಜರ್ ತಂದು ಗುಡ್ಡದ ಬುಡ ಕೊರೆದು, ಮಣ್ಣನ್ನು ಹೊಳೆಗೆ ನೂಕಿ, ಚರಂಡಿಯಿಲ್ಲದೆ, ತಡೆಗೋಡೆಯಿಲ್ಲದೆ ಮುಂದೆ ಹೋಗುವುದು. ಮೊದಲ ಮಳೆಗೆ ಗುಡ್ಡ ಜಾರುತ್ತದೆ, ಎರಡನೆಯ ಮಳೆಗೆ ಕೆಳಗಿನ ಗದ್ದೆ ಹೋಗುತ್ತದೆ. 2021ರ ಜೂನ್‌ನಲ್ಲಿ ಮನಾಂಗ್ ಜಿಲ್ಲೆಯಲ್ಲಿ ಬಂದ ಪ್ರವಾಹ ಮನೆ, ಸೇತುವೆ, ರಸ್ತೆಗಳನ್ನು ಕೊಚ್ಚಿಕೊಂಡು ಹೋಯಿತು. ಶಿರಾಡಿ ಘಾಟಿಯ ಕುಸಿತ, ಕೊಡಗಿನ 2018ರ ಮಳೆ ನೋಡಿದ ನಮಗೆ ಕಡಿದ ಗುಡ್ಡ ಹೇಗೆ ವರ್ತಿಸುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಚಾರಣ ಪ್ರಿಯರ ದನಿಗೆ ಕಠ್ಮಂಡುವಿನಲ್ಲಿ ಬೆಲೆಯಿದೆ, ಏಕೆಂದರೆ ಅವರ ಹಣಕ್ಕೆ ಬೆಲೆಯಿದೆ. ಆ ದನಿಯನ್ನು ಚರಂಡಿಗಾಗಿ, ತಡೆಗೋಡೆಗಾಗಿ ಎತ್ತಿದ್ದರೆ ಹಳ್ಳಿಯವರು ಜೊತೆಗೆ ನಿಲ್ಲುತ್ತಿದ್ದರು. ರಸ್ತೆಯೇ ಬೇಡವೆಂದಾಗ ಅವರು ಬೆನ್ನು ತಿರುಗಿಸಿದರು. ಅವರದು ತಪ್ಪಲ್ಲ.

ನಡೆಯುವ ದಾರಿಯೂ ಸತ್ತಿಲ್ಲ. ರಸ್ತೆ ತಪ್ಪಿಸಿ ಹೋಗುವ ದಾರಿಗಳನ್ನು ಗುರುತಿಸಿ, ಮುಖ್ಯ ದಾರಿಗೆ ಕೆಂಪು-ಬಿಳಿ, ಕವಲು ದಾರಿಗೆ ನೀಲಿ-ಬಿಳಿ ಬಣ್ಣ ಬಳಿದಿದ್ದಾರೆ. ಪೀಸಾಂಗ್‌ನಿಂದ ಕೆಳಗಿನ ರಸ್ತೆ ಬಿಟ್ಟು ಘ್ಯಾರು, ನ್ಗವಾಲ್ ಕಡೆ ಏರಿದರೆ ಎದುರಿಗೆ ಇಡೀ ಅನ್ನಪೂರ್ಣ ಸಾಲು. ಮುಕ್ತಿನಾಥದಿಂದ ಲುಬ್ರಾ ಎಂಬ ಬಾನ್ ಧರ್ಮದವರ ಹಳ್ಳಿಯ ಮೂಲಕ ಜೋಮ್‌ಸೋಮ್‌ಗೆ ಇಳಿಯಬಹುದು. ಆದರೆ ಬಣ್ಣ ಬಳಿದರೆ ದಾರಿ ಉಳಿಯುವುದಿಲ್ಲ. ಮೆಟ್ಟಿಲು ಕಟ್ಟಬೇಕು, ತೂಗುಸೇತುವೆ ನೋಡಿಕೊಳ್ಳಬೇಕು, ಜಾರಿದ ಕಡೆ ಮತ್ತೆ ಕಡಿಯಬೇಕು. 1986ರಿಂದ ಈ ಪ್ರದೇಶವನ್ನು ನೋಡಿಕೊಳ್ಳುತ್ತಿರುವ ಅನ್ನಪೂರ್ಣ ಸಂರಕ್ಷಣಾ ಯೋಜನೆ ನಮ್ಮಂಥ ಸಾರ್ಕ್ ದೇಶದವರಿಂದ 1,000, ಉಳಿದವರಿಂದ 3,000 ನೇಪಾಳಿ ರೂಪಾಯಿ ಪ್ರವೇಶ ಶುಲ್ಕ ಪಡೆಯುತ್ತದೆ. ಅದರಲ್ಲಿ ಒಂದು ಪಾಲನ್ನು ಈ ಕಾಲುದಾರಿಗಳಿಗೆಂದೇ ತೆಗೆದಿಟ್ಟು, ರಸ್ತೆಯಿಂದ ಗಿರಾಕಿ ಕಳೆದುಕೊಂಡ ಊರುಗಳವರಿಗೇ ಆ ಕೆಲಸ ಕೊಡಬೇಕು. ಕರ್ನಾಟಕದಿಂದ ತಂಡ ಕರೆದೊಯ್ಯುವ ಸಂಸ್ಥೆಗಳು ಬೇಸಿಸಹರ್‌ನಿಂದ ಚಾಮೆವರೆಗಿನ ಜೀಪನ್ನು ತಮ್ಮ ಪಟ್ಟಿಯಿಂದ ತೆಗೆಯಲಿ, ದಿನ ಹೆಚ್ಚಾದರೆ ಹಾಗೆಂದೇ ಗ್ರಾಹಕರಿಗೆ ಹೇಳಲಿ. ಅಷ್ಟು ರಜೆ ಇಲ್ಲದವರು ದಾರಿಯ ಅರ್ಧವನ್ನಷ್ಟೇ ನಡೆದು, ಥೊರೊಂಗ್ ಲಾ ದಾಟದೆ, ತಾಲ್‌ನಲ್ಲೊಂದು ರಾತ್ರಿ, ಧಾರಾಪಾನಿಯಲ್ಲೊಂದು ರಾತ್ರಿ ಉಂಡು ಮಲಗಿ ಹಿಂದಿರುಗಲಿ.