ಐದನೇ ಹೆಸರು ಯಾರ್ದು?

ಯಶಸ್ವಿನಿ ಕಾರ್ಡ್ ಮಾಡ್ಸೋವಾಗ ಗುಬ್ಬಿ, ಕುಣಿಗಲ್ ಕಡೆ ನಮ್ ನೆಂಟರ ಮನೆಗಳಲ್ಲಿ ಒಂದ್ ಲೆಕ್ಕ ನಡೀತೈತೆ, ನೋಡಿದ್ದೀರಾ? ಹಳ್ಳಿಯೋರಿಗೆ ನಾಲ್ಕು ಜನಕ್ಕೆ 500 ರೂಪಾಯಿ, ಹೆಚ್ಚಿಗೆ ಒಬ್ಬೊಬ್ಬರಿಗೂ 100. ಗಂಡ, ಹೆಂಡ್ತಿ, ಎರಡು ಮಕ್ಳು, ಅಲ್ಲಿಗೆ ನಾಲ್ಕಾಯ್ತು. ಐದನೇದು ಅತ್ತೆ. "ಮುಂದಿನ ವರ್ಷ ನೋಡಣ ಬಿಡು" ಅಂತಾರೆ. ಆಸ್ಪತ್ರೆ ಮೊದಲು ಬೇಕಾಗೋದು ಯಾರಿಗೆ ಹೇಳಿ!

ಇನ್ನೊಂದು, ಸಹಕಾರ ಸಂಘದ ಮೆಂಬರ್ ಆಗಿದ್ರೆ ತಾನೇ ಈ ಕಾರ್ಡು? ಹಾಲು ಕರೆಯೋಳು ಅವಳು, ಡೈರಿ ಮೆಂಬರ್ ಗಂಡ. ಅವನು ಹೋದ್ಮೇಲೆ ಅವಳ ಹೆಸರಿಗೆ ಮಾಡ್ಸೋರು ಯಾರು? ಗಂಡ ಇರೋವಾಗ್ಲೇ ಸಂಘದಲ್ಲೋ ಸ್ತ್ರೀಶಕ್ತಿ ಗುಂಪಲ್ಲೋ ನಿಮ್ಮ ಹೆಸರೂ ಇರ್ಲಿ.

ತುಮಕೂರಲ್ಲಿ ನಮಗೆ 1000, ಹೆಚ್ಚಿನೋರಿಗೆ 200. ಈ ಸಲ ಅತ್ತೆ ಹೆಸರು ಮೊದಲು ಬರೆಸ್ದೆ. "ನಂಗ್ಯಾಕೆ ದಂಡ" ಅಂತ ಗೊಣಗ್ತಾನೇ ಆಧಾರ್ ತಂದ್ರು, ಸೆರಗಿನ ತುದೀಲಿ ಇನ್ನೂರು ರೂಪಾಯಿ ಗಂಟು ಕಟ್ಕಂಡು.