ಕಸ ಮನೆಯಿಂದ ಹೋಯ್ತು ಸರಿ, ಆಮೇಲೆ ಎಲ್ಲಿಗೆ ಹೋಯ್ತು?

ಸರ್ಕಾರಿ ಅಂಕಿಅಂಶ ನೋಡಿದರೆ ಕಸ ಎತ್ತುವುದರಲ್ಲಿ ಭಾರತ ಗೆದ್ದಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ವಾರ್ಷಿಕ ವರದಿ ಪ್ರಕಾರ ನಮ್ಮ ನಗರಗಳಲ್ಲಿ ದಿನಕ್ಕೆ ಸುಮಾರು 1.60 ಲಕ್ಷ ಟನ್ ಕಸ ಹುಟ್ಟುತ್ತೆ. ಅದರಲ್ಲಿ ಶೇ. 95ರಷ್ಟು ಸಂಗ್ರಹ ಆಗುತ್ತೆ. ಆದರೆ ಉಳಿದ ಅಂಕಿಗಳನ್ನೂ ಓದಿ. ಸಂಸ್ಕರಣೆ ಆಗಿದ್ದು ಸುಮಾರು 80 ಸಾವಿರ ಟನ್. ಲ್ಯಾಂಡ್‌ಫಿಲ್‌ಗೆ ಹೋಗಿದ್ದು 29 ಸಾವಿರ ಟನ್. ಇನ್ನುಳಿದ 50 ಸಾವಿರ ಟನ್? ಅದು ಲೆಕ್ಕಕ್ಕೇ ಸಿಕ್ಕಿಲ್ಲ.

ಪ್ರಗತಿ ಆಗಿಲ್ಲ ಅಂತ ನಾನು ಹೇಳ್ತಿಲ್ಲ. 2015–16ರಲ್ಲಿ ಸಂಸ್ಕರಣೆಯ ಪ್ರಮಾಣ ಶೇ. 19 ಇತ್ತು, ಐದು ವರ್ಷದಲ್ಲಿ ಶೇ. 50ರ ಹತ್ತಿರ ಬಂತು. ಸ್ವಚ್ಛ ಭಾರತದ ಹಣಕ್ಕೆ ಇದರಲ್ಲಿ ಪಾಲಿದೆ. ಆದರೆ ಈ ಹಾದಿ ಎಷ್ಟು ನಿಧಾನದ್ದು ನೋಡಿ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಭೀತಿ ಹಬ್ಬಿದಾಗ ನಗರಗಳ ಕಸ ರಾಷ್ಟ್ರೀಯ ಸುದ್ದಿಯಾಯ್ತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2000ದಲ್ಲಿ ನಿಯಮ ಬಂತು. 2003ರ ಕೊನೆಯೊಳಗೆ ಎಲ್ಲ ಕಡೆ ಸಂಸ್ಕರಣಾ ಘಟಕ ಇರಬೇಕು ಅಂತ ಗಡುವೂ ಇತ್ತು. ಗಡುವು ಮುಗಿದು ಎರಡು ದಶಕ ದಾಟಿದೆ.

ಈ ಮಧ್ಯೆ ಕಸ ಸುಮ್ಮನೆ ಕೂತಿರಲಿಲ್ಲ. 2017ರಲ್ಲಿ ದೆಹಲಿಯ ಘಾಜಿಪುರದ ಕಸದ ಬೆಟ್ಟ ಕುಸಿದು ಜನ ಸತ್ತರು. 2023ರಲ್ಲಿ ಕೊಚ್ಚಿಯ ಬ್ರಹ್ಮಪುರಂ ದಿನಗಟ್ಟಲೆ ಹೊತ್ತಿ ಉರೀತು. ನಮ್ಮಲ್ಲಿ ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಯ್ತು, ಅಲ್ಲಿನವರು ತಿರುಗಿಬಿದ್ದರು. ಮಂಡೂರಿಗೆ ಹೋಯ್ತು, ಅವರೂ ಲಾರಿ ತಡೆದರು. ಆಮೇಲೆ ಮಿಟ್ಟಗಾನಹಳ್ಳಿಯ ಕ್ವಾರಿ. ನಗರದ ಸ್ವಚ್ಛತೆ ಅನ್ನೋದು ಹಲವು ಸಲ ಹಳ್ಳಿಯ ಅಂತರ್ಜಲದ ಮೇಲೆ ಬರೆದ ಸಾಲ ಅಷ್ಟೇ.

ಹಾಗಾದರೆ ಇಷ್ಟು ವರ್ಷ ಮರುಬಳಕೆ ಮಾಡಿದ್ದು ಯಾರು? ಚಿಂದಿ ಆಯುವವರು, ಗುಜರಿ ಅಂಗಡಿಯವರು. ಯಾವ ಯೋಜನೆಯೂ ಇಲ್ಲದೆ, ಗ್ಲೌಸ್ ಕೂಡ ಇಲ್ಲದೆ. ಅವರಲ್ಲಿ ಹೆಚ್ಚಿನವರು ದಲಿತರು, ವಲಸಿಗರು, ಮಹಿಳೆಯರು. ಪುಣೆಯಲ್ಲಿ 1993ರಲ್ಲೇ ಅವರು ಸಂಘಟನೆ ಕಟ್ಟಿದರು, 2008ರಲ್ಲಿ 'ಸ್ವಚ್' ಸಹಕಾರಿ ಸಂಘದ ಮೂಲಕ ಮನೆಮನೆ ಕಸ ಸಂಗ್ರಹಕ್ಕೇ ಇಳಿದರು. ಬೆಂಗಳೂರಿನಲ್ಲಿ ಪಾಲಿಕೆಯೇ ಅವರಿಗೆ ಗುರುತಿನ ಚೀಟಿ ಕೊಟ್ಟಿತು. 'ಹಸಿರು ದಳ' ಅವರ ಜೊತೆ ಕೆಲಸ ಮಾಡ್ತಿದೆ. 2016ರ ನಿಯಮಗಳು ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಿ ಅಂತ ಸ್ಪಷ್ಟವಾಗಿ ಹೇಳಿದವು.

ಆದರೆ ದುಡ್ಡು ಹರಿಯೋ ದಿಕ್ಕು ಬೇರೆ. 2022ರಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ ಮಾರೋ ಕಂಪನಿಗಳಿಗೆ ಉತ್ಪಾದಕರ ಹೊಣೆ ಹೊರಿಸುವ ಮಾರ್ಗಸೂಚಿ ಬಂತು. ಕಂಪನಿ ತಾನೇ ಪ್ಲಾಸ್ಟಿಕ್ ಹೆಕ್ಕಬೇಕಿಲ್ಲ, ನೋಂದಾಯಿತ ಮರುಬಳಕೆದಾರರಿಂದ ಸರ್ಟಿಫಿಕೇಟ್ ಕೊಂಡರೆ ಸಾಕು. ಮರುವರ್ಷವೇ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕವು. ಸಿಕ್ಕಿಬಿದ್ದ ಘಟಕಗಳಲ್ಲಿ ಕರ್ನಾಟಕದ್ದೂ ಇತ್ತು. ಬೀದಿಯಲ್ಲಿ ನಿಜವಾಗಿ ಪ್ಲಾಸ್ಟಿಕ್ ಹೆಕ್ಕಿದವಳ ಕೈಗೆ ಈ ಸರ್ಟಿಫಿಕೇಟಿನ ಬೆಲೆಯಲ್ಲಿ ಪಾಲು ಸಿಗಲೇಬೇಕು ಅನ್ನುವ ಖಾತ್ರಿ ಎಲ್ಲಿದೆ?

ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ನಮಗೆ ಪಾಠ ಹೇಳೋದು ತಪ್ಪಲ್ಲ, ಮಾಡಲೇಬೇಕು. ಆದರೆ ಮರುಬಳಕೆ ಮಾಡೋಕೇ ಆಗದ ಬಹುಪದರದ ಶಾಂಪೂ ಸ್ಯಾಶೆಯನ್ನು ನಾನು ಎಷ್ಟೇ ನೀಟಾಗಿ ವಿಂಗಡಿಸಿದರೂ ಅದು ಸ್ಯಾಶೆಯೇ. ತಯಾರಿಸಿದವರ ಲಾಭ ಅವರಿಗೆ, ಹೊಣೆ ಮಾತ್ರ ನಮಗಾ?

ಮುಂದಿನ ಸಲ ನಿಮ್ಮ ವಾರ್ಡಿಗೆ ಓಟು ಕೇಳೋಕೆ ಬಂದವರಿಗೆ 'ಕಸದ ಗಾಡಿ ದಿನಾ ಬರುತ್ತಾ' ಅಂತಷ್ಟೇ ಕೇಳಬೇಡಿ. ಇನ್ನೆರಡು ಪ್ರಶ್ನೆ ಸೇರಿಸಿ: ಆ ಗಾಡಿ ಎಲ್ಲಿಗೆ ಹೋಗಿ ಸುರಿಯುತ್ತೆ? ಅದರಲ್ಲಿ ದುಡಿಯೋರಿಗೆ ಎಷ್ಟು ಸಂಬಳ?