ಶನಿವಾರದ ರಾತ್ರಿ, ಭಾನುವಾರದ ಬೆಳಗು

ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದಾಗ ಚಿಟಗುಪ್ಪದ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಚೀಲದಿಂದ ಮೊಬೈಲನ್ನು ಹೊರತೆಗೆದು ಒಂದು ಚಿತ್ರ ತೋರಿಸಿದರು. ಹೈದರಾಬಾದಿನ ಯಾವುದೋ ರೆಸ್ಟೋರೆಂಟು, ಮಂದ ಬೆಳಕು, ಮೇಜಿನ ಸುತ್ತ ಆರೇಳು ಮಂದಿ ಯುವಕ ಯುವತಿಯರು. ನಡುವೆ ಆಕೆಯ ಮಗ ನಗುತ್ತ ಕುಳಿತಿದ್ದಾನೆ, ಕೈಯಲ್ಲಿ ಕೆಂಪು ದ್ರಾಕ್ಷಾರಸದ ಗಾಜಿನ ಲೋಟ. "ಹಿಂಗ ಗ್ಲಾಸ್ ಹಿಡಕೊಂಡು ಕುಂತಾನ್ರಿ. ಇದು ಪಾಪ ಅಲ್ಲೇನ್ರಿ?" ಎಂದು ಕೇಳಿದರು. ಮಗನ ಮೇಲೆ ಸಿಟ್ಟಿಗಿಂತ ಅವರ ದನಿಯಲ್ಲಿ ಭಯವೇ ಹೆಚ್ಚಾಗಿತ್ತು.

ನಾವು ತಕ್ಷಣ ಉತ್ತರ ಕೊಡಲಿಲ್ಲ. ಪಾಪವೆಂದು ಹೇಳಿಬಿಡುವುದು ಸುಲಭ. ಕಾಲ ಬದಲಾಗಿದೆ, ಬಿಟ್ಟುಬಿಡಿ ಎನ್ನುವುದು ಅದಕ್ಕಿಂತಲೂ ಸುಲಭ. ಈ ಎರಡು ಉತ್ತರಗಳಲ್ಲಿ ಯಾವುದೂ ಆ ತಾಯಿಗೆ ನಿದ್ದೆ ತರುವಂಥದಲ್ಲ. ಮಕ್ಕಳನ್ನು ಮಹಾನಗರಗಳಿಗೆ ಕಳುಹಿಸಿ ಕುಳಿತಿರುವ ನಮ್ಮ ಬಹುಪಾಲು ಕಥೋಲಿಕ ಮನೆಗಳಲ್ಲಿ ಇದೇ ಪ್ರಶ್ನೆ ಬಾಯಿಗೆ ಬಾರದೆ ಉಳಿದಿರುವುದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇವೆ.

ಹೈದರಾಬಾದ್ ನಮಗೆ ಪರದೇಶವೇನಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದ್ದೇ ಭಾಗವಾಗಿತ್ತು. ಆಸ್ಪತ್ರೆ, ಕಚೇರಿ, ಮದುವೆಯ ಜವಳಿ ಎಂದು ನಮ್ಮ ಹಿರಿಯರು ಹೋಗುತ್ತಿದ್ದುದು ಅಲ್ಲಿಗೇ. ಇರಾನಿ ಹೋಟೆಲಿನಲ್ಲಿ ಉಸ್ಮಾನಿಯಾ ಬಿಸ್ಕತ್ತಿನೊಡನೆ ಚಹಾ ಕುಡಿದು, ಕೈಯಲ್ಲಿ ಕಾಸಿದ್ದರೆ ಬಿರಿಯಾನಿ ತಿಂದು, ಸಂಜೆಯ ಬಸ್ಸಿಗೆ ಮರಳುತ್ತಿದ್ದರು. ಮರಳಿ ಬಂದ ಮೇಲೆ ಆ ಬಿರಿಯಾನಿಯ ವರ್ಣನೆ ವಾರಗಟ್ಟಲೆ ನಡೆಯುತ್ತಿತ್ತು. ಆದ್ದರಿಂದ ನಗರದ ಊಟದ ರುಚಿಯನ್ನು ಮಕ್ಕಳಿಗೆ ಹಚ್ಚಿದವರು ನಾವೇ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ವ್ಯತ್ಯಾಸವಿಷ್ಟೇ: ಹಿರಿಯರು ಸಂಜೆಗೆ ಮರಳಿದರು, ಮಕ್ಕಳು ಅಲ್ಲೇ ನಿಂತರು. 1998ರಲ್ಲಿ ಮಾದಾಪುರದ ಸೈಬರ್ ಟವರ್ಸ್ ಕಟ್ಟಡ ತೆರೆದ ಮೇಲೆ ಆ ಕಡೆಯ ಬಂಡೆಗಲ್ಲಿನ ಬಯಲು ಒಂದು ಹೊಸ ಊರೇ ಆಯಿತು. ಮೂರು ಗಂಟೆಯ ದಾರಿಯ ಹೈದರಾಬಾದಿಗೋ, ಒಂದು ರಾತ್ರಿಯ ಪ್ರಯಾಣದ ಬೆಂಗಳೂರಿಗೋ ನಮ್ಮ ಪದವೀಧರರು ಹೊರಟರು.

ಅವರ ಜೊತೆಗೆ 'ವೀಕೆಂಡ್' ಎಂಬ ಶಬ್ದವೂ ನಮ್ಮ ಮನೆಗಳನ್ನು ಹೊಕ್ಕಿತು. ತೊಗರಿ ಹೊಲದಲ್ಲಿ ದುಡಿಯುವವನಿಗೆ ವಾರಾಂತ್ಯವೆಂಬುದಿಲ್ಲ, ಸಂತೆಯ ದಿನವೊಂದೇ ಬೇರೆ. ಕೇಂದ್ರ ಸರಕಾರದ ಕಚೇರಿಗಳಿಗೆ ವಾರಕ್ಕೆ ಐದು ದಿನದ ಕೆಲಸವೆಂಬ ಪದ್ಧತಿ ಬಂದದ್ದು 1985ರಲ್ಲಿ. ಕಂಪ್ಯೂಟರ್ ಕಂಪನಿಗಳು ಅದನ್ನು ಮನೆಮಾತಾಗಿಸಿದವು. ಐದು ದಿನ ಪರದೆಯ ಮುಂದೆ ಕಣ್ಣು ಸುಟ್ಟುಕೊಂಡು, ನಾಲ್ವರೊಡನೆ ಹಂಚಿಕೊಂಡ ಪಿ.ಜಿ. ಕೋಣೆಯಲ್ಲಿ ಸಾರಿಲ್ಲದ ಸಾರು ಉಂಡ ಹುಡುಗ ಶುಕ್ರವಾರ ಸಂಜೆ ಗೆಳೆಯರೊಡನೆ ಒಳ್ಳೆಯ ಊಟ ಬಯಸಿದರೆ ಅದರಲ್ಲಿ ತಪ್ಪೇನಿದೆ? ಹಾಡು, ಹರಟೆ, ದೀಪ ತುಂಬಿದ ಬೀದಿ ಇವೆಲ್ಲ ಮನುಷ್ಯನಿಗೆ ಬೇಕು. ಇದನ್ನು ನಿರಾಕರಿಸುವವರು ಮೊದಲು ನಮ್ಮೂರ ಜಾತ್ರೆಗಳನ್ನು ನಿಲ್ಲಿಸಲಿ.

ಇನ್ನು ದ್ರಾಕ್ಷಾರಸದ ಮಾತು. ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರೆಂದರೆ ಬಹುತೇಕ ಮೆಥೋಡಿಸ್ಟ್ ಬಾಂಧವರು. ಕಥೋಲಿಕರಾದ ನಾವು ಅಲ್ಪಸಂಖ್ಯಾತರಲ್ಲಿ ಅಲ್ಪಸಂಖ್ಯಾತರು. ಮೆಥೋಡಿಸ್ಟ್ ಪರಂಪರೆ ಮದ್ಯವರ್ಜನೆಯನ್ನು ವ್ರತದಂತೆ ಹಿಡಿದದ್ದು. ಪ್ರಭುಭೋಜನದಲ್ಲಿ ಹುಳಿಯದ ದ್ರಾಕ್ಷಿ ರಸವನ್ನೇ ಬಳಸಬೇಕೆಂಬ ಹಂಬಲದಿಂದ 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥೋಡಿಸ್ಟ್ ದಂತವೈದ್ಯರು ರಸವನ್ನು ಕಾಯಿಸಿ ಹುಳಿಯದಂತೆ ಇಡುವ ಕ್ರಮವನ್ನು ರೂಢಿಗೆ ತಂದರು. ಆ ಸಂಯಮವನ್ನು ನಾವು ಗೌರವಿಸುತ್ತೇವೆ; ಕುಡಿತದಿಂದ ಹಾಳಾದ ಕೇರಿಗಳನ್ನು ಅದು ಎತ್ತಿ ನಿಲ್ಲಿಸಿದ್ದುಂಟು. ಆದರೆ ನೆರೆಯವರ ಈ ನಿಯಮವೇ ನಮ್ಮದೂ ಎಂದು ನಮ್ಮ ಅನೇಕ ತಾಯಂದಿರು ತಿಳಿದಿದ್ದಾರೆ. ನಮ್ಮ ಧರ್ಮಸಭೆಯ ಕಾನೂನು ಸಂಹಿತೆ ಬಲಿಪೂಜೆಗೆ ದ್ರಾಕ್ಷಿಯಿಂದಲೇ ಆದ, ಕೆಡದ, ಸಹಜ ದ್ರಾಕ್ಷಾರಸವನ್ನೇ ವಿಧಿಸುತ್ತದೆ. ಕಾನಾ ಊರಿನ ಮದುವೆಯಲ್ಲಿ ಸ್ವಾಮಿ ತುಂಬಿಸಿದ್ದು ಆರು ಕಲ್ಲಿನ ಬಾನಿಗಳನ್ನು. ಸಂತ ಯೊವಾನ್ನರು ಕೊಟ್ಟ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ 500 ಲೀಟರಿನ ಆಸುಪಾಸು. ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ಆರೋಗ್ಯಕ್ಕಾಗಿ ಸ್ವಲ್ಪ ದ್ರಾಕ್ಷಾರಸ ಸೇವಿಸಲು ಹೇಳಿದರು. ಅದೇ ಪೌಲರು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಪ್ರಭುವಿನ ಭೋಜನಕ್ಕೆ ಕೂಡಿದಾಗ ಒಬ್ಬ ಹಸಿದಿರುವುದನ್ನೂ ಇನ್ನೊಬ್ಬ ಅಮಲೇರಿ ಕುಳಿತಿರುವುದನ್ನೂ ಕಂಡು ಕಿಡಿಕಾರಿದರು. ಎರಡು ಮಾತುಗಳೂ ಒಬ್ಬನೇ ಸಂತನವು, ಎರಡನ್ನೂ ಓದಬೇಕು.

ನೆರೆಯ ಬಸವಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದ. ಹೆಂಡ ಮಾರುವುದೇ ಅವನ ಕಾಯಕ. ಕುಡಿತದ ಕೇಡನ್ನು ತಿಳಿಹೇಳುತ್ತ ಮಾರುತ್ತಿದ್ದನೆಂಬುದು ಪರಂಪರೆಯ ಮಾತು. 12ನೆಯ ಶತಮಾನದ ಅನುಭವ ಮಂಟಪದಲ್ಲಿ ಅವನಿಗೂ ಸ್ಥಾನವಿತ್ತೆಂಬುದು ಈ ಸೀಮೆಯವರು ಮರೆಯಬಾರದ ಸಂಗತಿ.

ಇಲ್ಲಿ ನಮ್ಮ ಮನೆಯ ಅಂಗಳದ ಮಾತೊಂದನ್ನೂ ಆಡಬೇಕಾಗಿದೆ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಯಿತು. ಅದಕ್ಕೂ ಮೊದಲು, ಅದರ ನಂತರವೂ, ನಮ್ಮ ಮದುವೆಗಳಲ್ಲಿ ಶಾಮಿಯಾನದ ಹಿಂಬದಿಗೆ ಗಂಡಸರು ಒಬ್ಬೊಬ್ಬರಾಗಿ ಎದ್ದು ಹೋಗಿ ಬಾಯಿ ಒರೆಸಿಕೊಳ್ಳುತ್ತ ಮರಳುವುದನ್ನು ಕಾಣದವರಾರು? ಕತ್ತಲಲ್ಲಿ, ನಿಂತ ನಿಲುವಿನಲ್ಲಿ, ಗಂಟಲು ಉರಿಯುವಂತೆ ಸುರಿದುಕೊಂಡು, ಮನೆಗೆ ಬಂದು ಹೆಂಡತಿಯ ಮೇಲೆ ಕೈಮಾಡಿದ ತಂದೆಯ ಬಗ್ಗೆ ಆ ದಿನ ಯಾರೂ ಪಾಪದ ಪ್ರಶ್ನೆ ಕೇಳಲಿಲ್ಲ. ಮಗ ದೀಪದ ಬೆಳಕಿನಲ್ಲಿ, ಊಟದ ಜೊತೆ, ಒಂದು ಲೋಟವನ್ನು ಮೇಜಿನ ಮೇಲಿಟ್ಟುಕೊಂಡು ಅದರ ಚಿತ್ರವನ್ನು ತಾಯಿಗೇ ಕಳುಹಿಸಿದ್ದಾನೆ. ಬಚ್ಚಿಡದಿರುವುದು ಅವನ ಪಾಲಿಗೆ ಜಮಾ ಆಗಬೇಕಾದ ಅಂಶವೆಂದೇ ನಮ್ಮ ಎಣಿಕೆ. ಆ ಚಿತ್ರದಲ್ಲಿ ಹೆಣ್ಣುಮಕ್ಕಳೂ ಇದ್ದರು. ತಾಯಿಯ ಕಳವಳದಲ್ಲಿ ಅದಕ್ಕೂ ಪಾಲಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಗಂಡಸರೆಲ್ಲ ಉಂಡೆದ್ದ ಮೇಲೆ ಒಲೆಯ ಬಳಿ ಕುಳಿತು ಉಳಿದದ್ದನ್ನು ಉಂಡ ಅಜ್ಜಿಯರ ಮೊಮ್ಮಕ್ಕಳು ಇಂದು ಅಣ್ಣತಮ್ಮಂದಿರ ಸರಿಸಮಕ್ಕೆ ಕುಳಿತು, ತಮಗೆ ಬೇಕಾದುದನ್ನು ತಾವೇ ಹೇಳಿ ತರಿಸಿಕೊಂಡು ಉಣ್ಣುತ್ತಿದ್ದಾರೆ. ಇದನ್ನು ಅವನತಿಯೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಚಿಂತಿಸಬೇಕಾದುದು ಏನೂ ಇಲ್ಲವೆ? ಇದೆ. ಆ ಚಿತ್ರವನ್ನು ಮರಳಿಸುತ್ತ ನಾವು ಕೇಳಿದ ಪ್ರಶ್ನೆ ಒಂದೇ: "ಮರುದಿನ ಬೆಳಿಗ್ಗೆ ಮಗ ಪೂಜೆಗೆ ಹೋಗಿದ್ದನೇ?" ಆಕೆಗೆ ತಿಳಿದಿರಲಿಲ್ಲ. ಕೇಳಿರಲೂ ಇಲ್ಲ.

ಒಂದು ಕಾಲದಲ್ಲಿ ಪರಮ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದಲೇ ಅನ್ನ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಅಜ್ಜಂದಿರ ಶನಿವಾರದ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತಿದ್ದುದು ಪೊಲೀಸರ ಆಜ್ಞೆಯಿಂದಲ್ಲ, ಈ ಉಪವಾಸದಿಂದ. 1953ರಲ್ಲಿ ಹನ್ನೆರಡನೆಯ ಭಕ್ತಿನಾಥ ಪೋಪರು ನೀರನ್ನು ಆ ನಿಯಮದಿಂದ ಹೊರಗಿಟ್ಟರು. 1957ರಲ್ಲಿ ಊಟಕ್ಕೂ ಮದ್ಯಕ್ಕೂ ಮೂರು ಗಂಟೆಗಳ ಅಂತರ ಸಾಕೆಂದರು. 1964ರಲ್ಲಿ ಆರನೆಯ ಪೌಲರು ಅದನ್ನು ಒಂದೇ ಗಂಟೆಗೆ ಇಳಿಸಿದರು. 1983ರ ಕಾನೂನು ಸಂಹಿತೆಯಂತೆ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆ. ಧರ್ಮಸಭೆ ತಾಯಿಯಂತೆ ಒಂದೊಂದೇ ಹೆಜ್ಜೆ ನಮ್ಮ ಕಡೆಗೆ ಬಂದಿದೆ. ಸಂಜೆ ಆರಕ್ಕೆ ದೇವಾಲಯದಲ್ಲಿ, ಎಂಟಕ್ಕೆ ರೆಸ್ಟೋರೆಂಟಿನಲ್ಲಿ ಇರಲು ಯಾವ ಅಡ್ಡಿಯೂ ಇಲ್ಲ. ಅಷ್ಟಾಗಿಯೂ ಶನಿವಾರದ ರಾತ್ರಿ ಭಾನುವಾರದ ಬೆಳಗನ್ನು ನುಂಗುತ್ತಿದೆ. ಬೆಂಗಳೂರಿನಲ್ಲಿ 2014ರಲ್ಲಿ ವಾರಾಂತ್ಯಕ್ಕೆ ಮಾತ್ರ ಪ್ರಯೋಗವೆಂದು ರಾತ್ರಿ ಒಂದು ಗಂಟೆಯವರೆಗೆ ಬಾರುಗಳನ್ನು ತೆರೆಯಲು ಬಿಟ್ಟರು. 2024ರ ಆದೇಶವೂ ರಾತ್ರಿ ಒಂದರ ಗಡುವನ್ನೇ ಕೊಟ್ಟಿತು. ಒಂದಕ್ಕೆ ಬಾಗಿಲು ಮುಚ್ಚಿದರೆ ಮಲಗುವುದು ಮೂರಕ್ಕೆ, ಏಳುವುದು ಮಧ್ಯಾಹ್ನಕ್ಕೆ. ಎದ್ದ ಮೇಲೆ ಬಟ್ಟೆ ಒಗೆಯುವುದು, ಸೋಮವಾರದ ಚಿಂತೆ. ಆ ದಿನಕ್ಕೆ ಮುಖವೇ ಇಲ್ಲ.

ಎರಡನೆಯ ಜಾನ್ ಪಾಲ್ ಪೋಪರು 1998ರ ಮೇ 31ರಂದು 'ದಿಯೆಸ್ ದೊಮಿನಿ' ಎಂಬ ಪತ್ರವನ್ನು ಹೊರಡಿಸಿದಾಗ ಈ ಸಂಗತಿಯನ್ನೇ ಮುಂದಿಟ್ಟರು. ವಾರಾಂತ್ಯದ ವಿಶ್ರಾಂತಿ, ವಿಹಾರಗಳನ್ನು ಅವರು ಜರೆಯಲಿಲ್ಲ. ಅವಕ್ಕೆ ತಮ್ಮದೇ ಬೆಲೆಯಿದೆಯೆಂದರು. ಪ್ರಭುವಿನ ದಿನ ಆ ವಾರಾಂತ್ಯದ ಬರಿಯ ಒಂದು ತುಂಡಾಗಿಬಿಡುವುದನ್ನು ಕುರಿತು ಎಚ್ಚರಿಸಿದರು. ಹೈಟೆಕ್ ಸಿಟಿಯ ಮಕ್ಕಳ ಪಾಡು ಸೈಬರ್ ಟವರ್ಸ್ ತೆರೆದ ವರ್ಷವೇ ರೋಮಿನಲ್ಲಿ ಬರೆಯಲ್ಪಟ್ಟಂತಿದೆ.

ದೇವಾಲಯ ದೂರವೆಂಬ ನೆಪಕ್ಕೂ ಎಡೆಯಿಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಪಬ್ಬುಗಳಿಂದ ಕೆಲವೇ ಹೆಜ್ಜೆ ನಡೆದರೆ 19ನೆಯ ಶತಮಾನದ ಸಂತ ಪ್ಯಾಟ್ರಿಕ್ಕರ ದೇವಾಲಯ. ಸಿಕಂದರಾಬಾದಿನಲ್ಲಿ 1953ರಿಂದ ನಡೆದುಬಂದ ಪ್ಯಾರಡೈಸ್ ಹೋಟೆಲಿನಲ್ಲಿ ಬಿರಿಯಾನಿ ತಿಂದವರು ಅದೇ ಸರೋಜಿನಿ ದೇವಿ ರಸ್ತೆಯಲ್ಲಿ ಮುಂದೆ ಸಾಗಿದರೆ ಸಂತ ಮೇರಿಯಮ್ಮನವರ ದೇವಾಲಯ. 1850ರ ಆ ಕಟ್ಟಡ 2008ರಲ್ಲಿ ಬಸಿಲಿಕದ ಪದವಿಗೇರಿತು.

ಆದರೂ ಹುಡುಗರ ಕಡೆಯ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಒಬ್ಬ ಯುವಕ ನಮ್ಮೊಡನೆ ಹೇಳಿಕೊಂಡದ್ದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. ನಗರದ ಒಂದು ದೊಡ್ಡ ಧರ್ಮಕೇಂದ್ರಕ್ಕೆ ಅವನು ಎಂಟು ತಿಂಗಳು ಬಿಡದೆ ಹೋದನಂತೆ. ತೆಲುಗು, ಇಂಗ್ಲಿಷ್ ಪೂಜೆಗಳ ನಡುವೆ ತನ್ನ ಭಾಷೆಯಿಲ್ಲ. ಒಂದು ದಿನವೂ ಒಬ್ಬರೂ ಅವನ ಹೆಸರು ಕೇಳಲಿಲ್ಲ. ರೆಸ್ಟೋರೆಂಟಿನಲ್ಲಿ ಎರಡನೆಯ ಸಲ ಹೋದಾಗಲೇ ಬಡಿಸುವವನು ನಗುತ್ತ "ಅದೇ ಮೂಲೆಯ ಮೇಜೇ ಸರ್?" ಎಂದನಂತೆ. ಗುರುತಿಸುವವರಿದ್ದಲ್ಲಿ ಮನುಷ್ಯ ಹೋಗುತ್ತಾನೆ. ಇದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಮದುವೆಗೆ ಬೇಕಾದಾಗ ಜ್ಞಾನಸ್ನಾನದ ಪ್ರಮಾಣಪತ್ರ ಬರೆದುಕೊಡುವ ನಾವು, ಹುಡುಗ ಊರು ಬಿಡುವಾಗ ಅಲ್ಲಿನ ಗುರುಗಳಿಗೆ ನಾಲ್ಕು ಸಾಲಿನ ಪತ್ರ ಬರೆಯುವುದಿಲ್ಲ. ಬೀದರ್, ಕಲಬುರಗಿಗಳಿಗೆ 2005ರಲ್ಲಿ ತಮ್ಮದೇ ಧರ್ಮಪ್ರಾಂತ ದೊರೆಯಿತು. ಇಲ್ಲಿಂದ ನಗರಕ್ಕೆ ಹೋದ ಮಕ್ಕಳ ಒಂದು ಪಟ್ಟಿಯನ್ನು ಧರ್ಮಕೇಂದ್ರವಾರು ಇಟ್ಟುಕೊಂಡು ಅಲ್ಲಿನ ಗುರುಗಳಿಗೆ ಕಳುಹಿಸುವುದು ಅಷ್ಟು ಕಷ್ಟದ ಕೆಲಸವಲ್ಲ. ಕೋಣೆ ಹುಡುಕುವಾಗ ಬಾಡಿಗೆ, ನೀರು, ಬಸ್ಸು ವಿಚಾರಿಸುವ ತಂದೆತಾಯಿಗಳು ಹತ್ತಿರದ ದೇವಾಲಯ ಯಾವುದು, ಪೂಜೆ ಎಷ್ಟು ಗಂಟೆಗೆ ಎಂದೂ ವಿಚಾರಿಸಲಿ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆಳೆಯರ ಸರದಿಗೆ ಹೆದರಿ, ಮನೆಯ ತಿಂಗಳ ದಿನಸಿಯಷ್ಟು ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುವವರಿಗೆ ಅದರ ರುಚಿ ಮುಂದಿನ ತಿಂಗಳು ತಾನಾಗಿ ತಿಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಂದ ಯಾವ ರಿಯಾಯಿತಿಯೂ ಇಲ್ಲ, ಅದು ರಸ್ತೆ. ಶನಿವಾರ ತಡರಾತ್ರಿ ಗೆಳೆಯರನ್ನು ಬೀಳ್ಕೊಟ್ಟು, ಹೇಗೂ ನಾಳೆ ರಜೆಯೆಂದು, ಬೈಕಿನಲ್ಲಿ ಸಂಗಾರೆಡ್ಡಿ, ಜಹೀರಾಬಾದ್ ಹಾದು ಊರಿಗೆ ಹೊರಡುವ ಹುಚ್ಚು ನಮ್ಮ ಹುಡುಗರಲ್ಲಿದೆ. ಆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ರಾತ್ರಿಯಿಡೀ ಪುಣೆ, ಹೈದರಾಬಾದುಗಳ ಲಾರಿಗಳು ಹರಿಯುತ್ತಲೇ ಇರುತ್ತವೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶವಿದ್ದರೆ ವಾಹನ ನಡೆಸುವುದು ಅಪರಾಧ; 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಇದು ಸರಕಾರದ ಲೆಕ್ಕ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಅಮಲಿನಲ್ಲಿ ವಾಹನ ನಡೆಸಿ ತನ್ನ ಮತ್ತು ಪರರ ಜೀವಕ್ಕೆ ಅಪಾಯ ತರುವುದನ್ನು ಘೋರ ಅಪರಾಧವೆಂದೇ ಎಣಿಸುತ್ತದೆ. ಆ ತಾಯಿ ಕೇಳಿದ ಪಾಪದ ಪ್ರಶ್ನೆಗೆ ಸಂದೇಹವಿಲ್ಲದ ಉತ್ತರವಿರುವುದು ಇಲ್ಲಿ. ಮೇಜಿನ ಮೇಲಿನ ಲೋಟವನ್ನು ನೋಡಿ ಅಳುವ ಬದಲು, ಊಟ ಮುಗಿದ ಮೇಲೆ ಯಾವುದರಲ್ಲಿ ಕೋಣೆಗೆ ಹೋದೆ ಎಂದು ಮಗನನ್ನು ಕೇಳಬೇಕು. ಆಟೋ ಎಂದರೆ ನಿಶ್ಚಿಂತೆಯಿಂದ ಮಲಗಬಹುದು.

ನಾವು ಆಕೆಗೆ ಹೇಳಿದ್ದೂ ಹೆಚ್ಚು ಕಡಿಮೆ ಇಷ್ಟೇ. ಬಯ್ಯಬೇಡಿ, ಚಿತ್ರ ಚೆನ್ನಾಗಿದೆಯೆಂದು ಮೊದಲು ಹೇಳಿ, ಏನು ತಿಂದೆ ಎಂದು ಕೇಳಿ, ಆಮೇಲೆ ಪೂಜೆಯ ಮಾತು ತೆಗೆಯಿರಿ ಎಂದೆವು. ಬೈದರೆ ಮುಂದಿನ ಸಲ ಚಿತ್ರ ಬರುವುದಿಲ್ಲ. ಅವನು ಏನು ಮಾಡುತ್ತಿದ್ದಾನೆಂಬುದು ನಮಗ್ಯಾರಿಗೂ ತಿಳಿಯುವುದಿಲ್ಲ.

ಹೋದ ಭಾನುವಾರ ಅವರು ಮತ್ತೆ ಸಿಕ್ಕಿದ್ದರು. ಕಣ್ಣಿನ ತಪಾಸಣೆಗೆ ಮುಂದಿನ ತಿಂಗಳು ಹೈದರಾಬಾದಿಗೆ ಹೊರಟಿದ್ದಾರೆ. ಶನಿವಾರ ರಾತ್ರಿ ಮಗ ಅದೇ ರೆಸ್ಟೋರೆಂಟಿಗೆ ಕರೆದೊಯ್ಯುವನಂತೆ, ಭಾನುವಾರ ಬೆಳಿಗ್ಗೆ ತಾಯಿ ಅವನನ್ನು ಸಿಕಂದರಾಬಾದಿನ ಬಸಿಲಿಕಕ್ಕೆ ಕರೆದೊಯ್ಯುವರಂತೆ. ಅಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ ಎಂಬುದೊಂದೇ ಈಗ ಅವರಿಗಿರುವ ಚಿಂತೆ.